ಎಂಟನೆಯ ತರಗತಿಯವರೆಗೆ ಕಾಯುವುದು ಬೇಡ

ಸಂಪಾದಕರಿಗೆ,

ಮಾನ್ಯರೇ,

ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ಲೈಂಗಿಕ ಶಿಕ್ಷಣ ನೀಡುವ ವಿಚಾರವನ್ನು ರಾಜ್ಯದ ಶಿಕ್ಷಣ ಸಚಿವರು 2025ರಲ್ಲಿ ಪ್ರಕಟಿಸಿದ ಮೇಲೆ ಪತ್ರಿಕೆಗಳಲ್ಲಿಯೂ ಮನೆಗಳಲ್ಲಿಯೂ ನಡೆದ ಚರ್ಚೆಯೆಲ್ಲ ‘ಕೊಡಬೇಕೇ, ಬೇಡವೇ’ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ. ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ ಮುಖ್ಯಶಿಕ್ಷಕನಾಗಿ ನಿವೃತ್ತನಾದ ನನಗೆ ಕಾಡುತ್ತಿರುವ ಪ್ರಶ್ನೆ ಬೇರೆ. ಎಂಟನೆಯ ತರಗತಿಯಿಂದ ಏಕೆ? ನಾನು ಕೆಲಸ ಮಾಡಿದ ಶಾಲೆಗಳೆಲ್ಲ ಏಳನೆಯ ತರಗತಿಗೇ ಮುಗಿಯುತ್ತಿದ್ದವು. ಅಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ನಮ್ಮ ಕಣ್ಣೆದುರಿಗೇ ಮೈನೆರೆದು, ಆ ಬಗ್ಗೆ ಶಾಲೆಯಲ್ಲಿ ಒಂದು ಮಾತನ್ನೂ ಕೇಳಿಸಿಕೊಳ್ಳದೆಯೇ ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು.

ಹಲವು ವರ್ಷಗಳ ಹಿಂದಿನ ಒಂದು ಶನಿವಾರವನ್ನು ಇಲ್ಲಿ ಹೇಳಲೇಬೇಕು. ಶನಿವಾರವೆಂದರೆ ಬೆಳಗಿನ ಶಾಲೆ, ಬಿಳಿ ಸಮವಸ್ತ್ರ. ಗಂಟೆ ಹೊಡೆದು ಮಕ್ಕಳೆಲ್ಲ ಎದ್ದರೂ ಆರನೆಯ ತರಗತಿಯ ಒಬ್ಬ ಹುಡುಗಿ ಕುಳಿತ ಜಾಗದಿಂದ ಕದಲಲಿಲ್ಲ. ಹಟ ಮಾಡುತ್ತಿದ್ದಾಳೆಂದು ಭಾವಿಸಿ ನಾನು ಗದರಿಸಿ ಎಬ್ಬಿಸಿದೆ. ಎದ್ದಾಗ ಲಂಗದ ಮೇಲಿನ ಕಲೆ ಎಲ್ಲರಿಗೂ ಕಾಣಿಸಿತು, ಹಿಂದಿನ ಸಾಲಿನ ಹುಡುಗರು ನಕ್ಕರು. ಅಂದು ಶಾಲೆಯಲ್ಲಿದ್ದ ಇಬ್ಬರು ಶಿಕ್ಷಕರೂ ಗಂಡಸರೇ. ಏನು ಮಾಡಬೇಕೆಂದು ತೋಚದೆ ನಾನು ನಿಂತಿದ್ದಾಗ ಬಿಸಿಯೂಟದ ಅಡುಗೆಯವರು ಒಳಗೆ ಬಂದು, “ಸಾರ್, ನೀವು ಹುಡುಗರನ್ನ ಕರ್ಕೊಂಡು ಹೊರಗೆ ಹೋಗಿ” ಎಂದು ನನಗೇ ಹೇಳಿ, ತಮ್ಮ ಹೆಗಲ ಮೇಲಿದ್ದ ಟವೆಲನ್ನು ಆ ಮಗುವಿನ ಸೊಂಟಕ್ಕೆ ಸುತ್ತಿ ಅಡುಗೆ ಕೋಣೆಗೆ ಕರೆದುಕೊಂಡು ಹೋದರು. ಹೊಟ್ಟೆಯೊಳಗೆ ಏನೋ ಹರಿದುಹೋಗಿದೆ, ತಾನು ಸತ್ತುಹೋಗುತ್ತೇನೆ ಎಂದು ಆ ಹುಡುಗಿ ಅಳುತ್ತಿದ್ದಳೆಂದು ಅವರು ಆಮೇಲೆ ನನಗೆ ಹೇಳಿದರು. ಮೂರು ವಾರ ಕಳೆದು ಅವಳು ಶಾಲೆಗೆ ಮರಳಿದಾಗಲೂ ಹುಡುಗರ ಪಿಸುಮಾತು ನಿಂತಿರಲಿಲ್ಲ. ಮರುವರ್ಷ ಅವಳು ಶಾಲೆ ಬಿಟ್ಟಳು. ಅದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ನಾನು ಗದರಿಸಿದ ದನಿಗೂ ಆ ನಿರ್ಧಾರಕ್ಕೂ ಸಂಬಂಧವೇ ಇಲ್ಲವೆಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ.

ದೇಹ ಸರ್ಕಾರದ ತರಗತಿವಾರು ಪಟ್ಟಿಯನ್ನು ನೋಡಿಕೊಂಡು ಬೆಳೆಯುವುದಿಲ್ಲ. ಹೆಣ್ಣುಮಕ್ಕಳಲ್ಲಿ ಬೆಳವಣಿಗೆಯ ಮೊದಲ ಗುರುತುಗಳು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ಹುಡುಗಿಯರಲ್ಲಿ ಅಂಡಾಶಯಗಳೂ ಹುಡುಗರಲ್ಲಿ ವೃಷಣಗಳೂ ಹಾರ್ಮೋನುಗಳನ್ನು ಸ್ರವಿಸತೊಡಗುತ್ತವೆ. ಹುಡುಗಿಗೆ ಎದೆ ಮೂಡತೊಡಗಿದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ನಮ್ಮ ಕಡೆ ಅದು ಹೆಚ್ಚಾಗಿ ಹನ್ನೊಂದರಿಂದ ಹದಿಮೂರರ ನಡುವೆ, ಅಂದರೆ ಆರು ಅಥವಾ ಏಳನೆಯ ತರಗತಿಯಲ್ಲಿ. ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠವನ್ನು ಎಂಟನೆಯ ತರಗತಿಗೂ ಸಂತಾನೋತ್ಪತ್ತಿಯ ಪಾಠವನ್ನು ಹತ್ತನೆಯದಕ್ಕೂ ಇಟ್ಟುಕೊಂಡು ಬಂದ ನಾವು, ಮಳೆ ನಿಂತ ಮೇಲೆ ಕೊಡೆ ಹಂಚಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ಪ್ರಕರಣವೊಂದರ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಈ ಶಿಕ್ಷಣ ಒಂಬತ್ತನೆಯ ತರಗತಿಗಲ್ಲ, ಅದಕ್ಕಿಂತ ಚಿಕ್ಕ ವಯಸ್ಸಿನಲ್ಲೇ ಆರಂಭವಾಗಬೇಕೆಂದು ಅಭಿಪ್ರಾಯಪಟ್ಟಿದೆ.

‘ಹತ್ತು ವರ್ಷದ ಮಗುವಿಗೆ ಇದನ್ನೆಲ್ಲ ಹೇಳುವುದೇ?’ ಎಂದು ಗಾಬರಿಯಾಗುವ ಪೋಷಕರ ಮೇಲೆ ನನಗೆ ಬೇಸರವಿಲ್ಲ. ಅವರ ಗಾಬರಿಗೆ ‘ಇದನ್ನೆಲ್ಲ’ ಎಂದರೆ ಯಾವುದನ್ನು ಎಂದು ಯಾರೂ ಅವರಿಗೆ ಬಿಡಿಸಿ ಹೇಳದಿರುವುದೇ ಕಾರಣ. ಅಂಗನವಾಡಿಯ ಮಗುವಿಗೆ ಬೇಕಾದದ್ದು ತನ್ನ ಅಂಗಗಳ ಹೆಸರು ಮತ್ತು ಅವನ್ನು ತೊಳೆದುಕೊಳ್ಳುವ ರೀತಿ. ಮೂರು, ನಾಲ್ಕನೆಯ ತರಗತಿಯ ಮಗುವಿಗೆ, ಬಟ್ಟೆಯ ಒಳಗಿನ ಭಾಗ ತನ್ನದು, ಸ್ನಾನ ಮಾಡಿಸುವಾಗ ಅಥವಾ ವೈದ್ಯರು ಮನೆಯವರ ಎದುರು ನೋಡುವಾಗ ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಅದು ಮಗುವಿನ ತಪ್ಪಲ್ಲ, ಗುಟ್ಟಾಗಿ ಇಟ್ಟುಕೊಳ್ಳುವ ವಿಷಯವೂ ಅಲ್ಲ ಎಂಬುದು ತಿಳಿದಿರಬೇಕು. ಐದನೆಯ ತರಗತಿಯಲ್ಲಿ ಹೇಳಬೇಕಾದದ್ದು ಇನ್ನೊಂದೆರಡು ವರ್ಷದಲ್ಲಿ ನಿಮ್ಮ ಮೈ ಹೇಗೆ ಬದಲಾಗುತ್ತದೆ, ಒಬ್ಬರಿಗೆ ಬೇಗ ಒಬ್ಬರಿಗೆ ತಡವಾಗಿ ಏಕೆ ಆಗುತ್ತದೆ, ಮುಟ್ಟು ಬಂದ ದಿನ ಏನು ಮಾಡಬೇಕು ಎಂಬಷ್ಟನ್ನೇ. ಗರ್ಭಧಾರಣೆ, ಸೋಂಕು, ಒಪ್ಪಿಗೆ, ಕಾನೂನು, ಮೊಬೈಲಿನಲ್ಲಿ ಬರುವ ಅಶ್ಲೀಲ ದೃಶ್ಯಗಳು, ಇವೆಲ್ಲ ಪ್ರೌಢಶಾಲೆಯ ಮಾತು. ಮಗ್ಗಿ ಬಾರದವನಿಗೆ ಬೀಜಗಣಿತ ಹೇಳುವುದಿಲ್ಲ. ಹಾಗೆಂದು ಮಗ್ಗಿಯನ್ನೂ ಎಂಟನೆಯ ತರಗತಿಗೆ ಮುಂದೂಡುವುದಿಲ್ಲ.

ಈ ಪಾಠಕ್ಕೆ ನಮ್ಮಲ್ಲಿ ಎದುರಾಗುವ ದೊಡ್ಡ ಅಡ್ಡಿ ಭಾಷೆಯದು ಎಂದು ನನಗೆ ಅನುಭವದಿಂದ ತಿಳಿದಿದೆ. ಮುಟ್ಟಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ! ಹೊರಗಾದಳು, ದೂರ ಕುಳಿತಳು, ಕಾಗೆ ಮುಟ್ಟಿತು, ರಜೆ, ತಿಂಗಳದ್ದು. ಇಷ್ಟೊಂದು ಹೆಸರುಗಳಿದ್ದರೂ ಅವೆಲ್ಲವೂ ವಿಷಯವನ್ನು ಹೇಳದಿರುವುದಕ್ಕಾಗಿ ಹುಟ್ಟಿದವು. ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಹುಡುಗನೊಬ್ಬ, ಅಕ್ಕನನ್ನು ಕಾಗೆ ಮುಟ್ಟಿದೆ ಎಂದು ಅಜ್ಜಿ ಹೇಳಿದ್ದನ್ನು ನಂಬಿ, ಶಾಲೆಯ ಬೇವಿನ ಮರದಲ್ಲಿ ಕುಳಿತಿದ್ದ ಕಾಗೆಗಳಿಗೆ ಎಷ್ಟೋ ದಿನ ಕಲ್ಲು ಹೊಡೆಯುತ್ತಿದ್ದ. ದೇಹದ ಅಂಗಗಳ ಹೆಸರಿನ ಪಾಡು ಇನ್ನೂ ಕಷ್ಟದ್ದು. ಮಗುವಿಗೆ ಗೊತ್ತಿರುವುದು ಒಂದೋ ಮನೆಯಲ್ಲಿ ಮುದ್ದಿಗೆ ಹೇಳುವ ತೊದಲು ಪದ, ಇಲ್ಲವೇ ಜಗಳದಲ್ಲಿ ಕೇಳಿದ ಬೈಗುಳ. ಪುಸ್ತಕದ ಶಿಶ್ನ, ಯೋನಿ, ವೃಷಣ ಎಂಬ ಪದಗಳನ್ನು ಓದಿ ಹೇಳಲು ಶಿಕ್ಷಕರಿಗೇ ನಾಲಿಗೆ ತಡವರಿಸುತ್ತದೆ, ಆದ್ದರಿಂದ ಅನೇಕರು ಆ ಪುಟ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಮುಂದಿನ ಪಾಠಕ್ಕೆ ಹೋಗುತ್ತಾರೆ. ನಾನೂ ಹಾಗೆಯೇ ಮುಂದೆ ಹೋದವನು.

ಹೆಸರು ಗೊತ್ತಿಲ್ಲದ ಮಗು ತನಗೆ ಏನಾಯಿತೆಂದು ಯಾರಿಗೆ ಹೇಗೆ ಹೇಳೀತು? ‘ಮಾಮ ಅಲ್ಲಿ ಮುಟ್ಟಿದ’ ಎಂದಾಗ ‘ಅಲ್ಲಿ’ ಎಂದರೆ ಎಲ್ಲಿ ಎಂದು ಪೊಲೀಸರೂ ವೈದ್ಯರೂ ನ್ಯಾಯಾಲಯವೂ ಕೇಳಬೇಕಾಗುತ್ತದೆ. ಬೈಗುಳವೊಂದನ್ನೇ ಬಲ್ಲ ಮಗು ಅದನ್ನು ಬಳಸಿದರೆ ಕೆಟ್ಟ ಮಾತಾಡಿತೆಂದು ಮೊದಲ ಪೆಟ್ಟು ಬೀಳುವುದು ಮಗುವಿಗೇ. ಮನೆಯಲ್ಲಿ ಕಣ್ಣು, ಕಿವಿ, ಮೊಣಕೈ ಎಂದು ಹೇಳಿಕೊಡುವ ಅದೇ ದನಿಯಲ್ಲಿ ಉಳಿದ ಅಂಗಗಳ ಹೆಸರನ್ನೂ ಹೇಳಿಕೊಟ್ಟರೆ ಆ ಪದಗಳಿಗೆ ಅಂಟಿದ ಮೈಲಿಗೆ ತಾನಾಗಿ ಕಳಚುತ್ತದೆ. ಊರಿನ ತಾಯಂದಿರ ಸಭೆಯಲ್ಲಿ ‘ಮೂತ್ರದ ಜಾಗ’, ‘ಮುಟ್ಟಿನ ಜಾಗ’ ಎಂದರೆ ಸಾಕೆಂದು ಒಬ್ಬ ತಾಯಿ ಸೂಚಿಸಿದರು. ಪುಸ್ತಕದ ಪದ ಬಾಯಿಗೆ ಬರುವವರೆಗೆ ಅದೂ ಆಗಬಹುದು, ಮಗುವಿಗೂ ಕೇಳುವವರಿಗೂ ಅರ್ಥವಾಗುತ್ತದೆ ಎಂದು ನನಗೂ ಅನ್ನಿಸಿತು.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಹಾಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗುವಿನ ನಂಬಿಕೆ ಗಳಿಸಿದ ಸ್ಥಾನದಲ್ಲಿದ್ದವರು. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂತು. ಅದರ 2020ರ ನಿಯಮಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವಯಸ್ಸಿಗೆ ತಕ್ಕ ಪಠ್ಯ ಸಿದ್ಧಪಡಿಸಿ ಮಕ್ಕಳಿಗೆ ಸ್ವಂತ ಸುರಕ್ಷತೆಯನ್ನು ಹೇಳಿಕೊಡಬೇಕೆಂದೂ 1098ರಂತಹ ಸಹಾಯವಾಣಿಯ ಬಗ್ಗೆ ತಿಳಿಸಬೇಕೆಂದೂ ಹೇಳುತ್ತವೆ. ಅಂದರೆ ಇದು ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಲ್ಲ, ಆಗಲೇ ಕಾನೂನಿನಲ್ಲಿ ಬರೆದಿಟ್ಟ ಹೊಣೆ.

ಗಂಡುಮಕ್ಕಳ ಮಾತು ಬಂದಾಗ ನನ್ನ ಬಾಲ್ಯವೇ ನೆನಪಾಗುತ್ತದೆ. ನಿದ್ದೆಯಲ್ಲಿ ವೀರ್ಯ ಹೊರಬರುವುದು ಹದಿಹರೆಯದ ಹುಡುಗರಿಗೆ ಸಹಜವೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ಮತ್ತು ಒಂದು ಹನಿ ಧಾತು ನಲವತ್ತು ಹನಿ ರಕ್ತಕ್ಕೆ ಸಮ ಎಂಬ ಹಿರಿಯ ಹುಡುಗರ ಮಾತು. ಮೈಯ ರಕ್ತವೆಲ್ಲ ಬತ್ತುತ್ತಿದೆ ಎಂದು ಹೆದರಿ ನಾನು ಒಂದು ವರ್ಷ ಆಟದ ಮೈದಾನಕ್ಕೆ ಇಳಿಯಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ನಮ್ಮ ದೇಶದ ಗಂಡಸರನ್ನು ಕಾಡುವ ಈ ಭಯಕ್ಕೆ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಗೋಡೆಯ ಜಾಹೀರಾತಿನ ಜಾಗಕ್ಕೆ ಈಗ ಮೊಬೈಲ್ ಬಂದಿದೆ. ಹೆದರಿದ ಹುಡುಗ ಹಣ ತೆತ್ತು ಕಷಾಯ, ಗುಳಿಗೆ ಕೊಳ್ಳುವುದು ಹಾಗೆಯೇ ಮುಂದುವರಿದಿದೆ. ದನಿ ಒಡೆಯುವುದು, ಕೆಲವು ಹುಡುಗರಿಗೆ ಒಂದಷ್ಟು ಕಾಲ ಎದೆ ಸ್ವಲ್ಪ ಊದಿಕೊಂಡು ತಾನಾಗಿ ಇಳಿಯುವುದು, ಓರಗೆಯ ಹುಡುಗಿಯರು ಮೊದಲು ಎತ್ತರವಾಗಿ ತಾವು ಆಮೇಲೆ ಬೆಳೆಯುವುದು, ಇವೆಲ್ಲ ಸಹಜವೆಂದು ತಿಳಿದ ಹುಡುಗ ತನ್ನ ಮೈಯನ್ನು ಕಂಡು ಹೆದರುವುದಿಲ್ಲ, ಪಕ್ಕದವಳ ಲಂಗದ ಕಲೆಯನ್ನು ಕಂಡು ನಗುವುದೂ ಇಲ್ಲ. ‘ಶುಚಿ’ ಯೋಜನೆಯ ಪ್ಯಾಡ್ ಹಂಚುವ ದಿನ ಹುಡುಗರನ್ನು ಆಟಕ್ಕೆ ಕಳಿಸಿ, ಬಾಗಿಲು ಮುಚ್ಚಿ, ಒಂದು ಮಾತೂ ಆಡದೆ ಪೊಟ್ಟಣ ಕೈಗಿಡುವ ಪದ್ಧತಿಯಿಂದ ಎರಡೂ ಕಡೆಯ ಮಕ್ಕಳು ಕಲಿಯುವುದು, ಇದು ನಾಚಿಕೆಯ ವಿಷಯ ಎಂಬುದನ್ನು ಮಾತ್ರ.

ಮನೆಯ ವಿಚಾರದಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ಹುಡುಗಿ ದೊಡ್ಡವಳಾದಾಗ ಚಿಗಳಿ ಕುಟ್ಟಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕಿ, ಹೊಸ ಸೀರೆ ಉಡಿಸಿ ಆರತಿ ಎತ್ತುವ ಒಸಗೆಯನ್ನು ನಾನು ಹಳಿಯಲಾರೆ. ಆ ಎಳ್ಳು ಬೆಲ್ಲದ ಹಿಂದೆ ಮಗುವಿನ ಮೈ ಗಟ್ಟಿಯಾಗಲಿ ಎಂಬ ಪ್ರೀತಿಯಿದೆ. ಆದರೆ ಇಡೀ ಊರಿಗೆ ಮಗುವಿನ ಮೈಯ ಸುದ್ದಿ ಸಾರುವ ಮೊದಲು ಆ ಮಗುವಿಗೇ ಅದರ ಅರ್ಥ ಹೇಳಿರುವುದಿಲ್ಲ. ಅವಳಿಗೆ ಇದು ಬೇಕೇ ಎಂದು ಕೇಳುವುದೂ ಇಲ್ಲ. ಶಾಮಿಯಾನ ಹಾಕಿಸಿ, ಫ್ಲೆಕ್ಸ್ ಕಟ್ಟಿಸುವ ಇತ್ತೀಚಿನ ರೂಢಿಯಿಂದ ಮುಜುಗರಗೊಂಡು ತಿಂಗಳುಗಟ್ಟಲೆ ತಲೆತಗ್ಗಿಸಿ ಶಾಲೆಗೆ ಬಂದ ಹುಡುಗಿಯರನ್ನು ನಾನು ಕಂಡಿದ್ದೇನೆ.

ದೂರ ಕೂರಿಸುವ ರೂಢಿಯ ಬಗ್ಗೆ ಮಾತ್ರ ನನಗೆ ಇಂತಹ ಅಳುಕಿಲ್ಲ. ನಮ್ಮ ಜಿಲ್ಲೆಯ ಮತ್ತು ನೆರೆಯ ತುಮಕೂರು ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯಿಂದ ಆದ ಹಾನಿಯನ್ನು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ. 2023ರ ಮಳೆಗಾಲದಲ್ಲಿ ತುಮಕೂರಿನ ಬಳಿ ಹಾಗೆ ಹೊರಗಿದ್ದ ಬಾಣಂತಿಯೊಬ್ಬರ ಹಸುಗೂಸು ತೀರಿಕೊಂಡ ಸುದ್ದಿಯನ್ನು ಓದುಗರು ಮರೆತಿರಲಾರರು. ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನ ಕಾಯ್ದೆ ಇಂತಹ ಬಲವಂತದ ಪ್ರತ್ಯೇಕತೆಯನ್ನು ಅಪರಾಧವೆಂದಿದೆ. ಹಟ್ಟಿಯ ಹೊರಗಿನ ಗುಡಿಸಲಿಗೂ ನಗರದ ಮನೆಯ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಇಡುವುದಕ್ಕೂ ಕಷ್ಟದ ಪ್ರಮಾಣದಲ್ಲಿ ಬಹಳ ಅಂತರವಿದೆ, ಆದರೆ ಹನ್ನೆರಡರ ಹುಡುಗಿಗೆ ಎರಡೂ ಹೇಳುವುದು ನೀನು ಮುಟ್ಟಬಾರದವಳು ಎಂದೇ.

ಆ ಶನಿವಾರದ ಘಟನೆಯ ಮರುವರ್ಷ ನಾವು ಒಂದು ಸಣ್ಣ ಪ್ರಯತ್ನ ಮಾಡಿದೆವು. ಮೊದಲು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಇಟ್ಟು, ಆಮೇಲೆ ಐದು, ಆರನೆಯ ತರಗತಿಯ ತಾಯಂದಿರನ್ನೂ ತಂದೆಯರನ್ನೂ ಕರೆದು, ಮಕ್ಕಳಿಗೆ ಏನು ಹೇಳುತ್ತೇವೆ, ಯಾವ ಚಿತ್ರ ತೋರಿಸುತ್ತೇವೆ ಎಂಬುದನ್ನು ಅವರಿಗೇ ಮೊದಲು ತೋರಿಸಿದೆವು. ಇಬ್ಬರು ತಂದೆಯರು ಎದ್ದು ಹೋದರು; ಒಬ್ಬರು ಮರುದಿನ ಬಂದು ಮಗಳನ್ನು ಸೇರಿಸಿಕೊಳ್ಳಿ ಎಂದರು. ಆರೋಗ್ಯ ಉಪಕೇಂದ್ರದ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆ ಹುಡುಗಿಯರ ಜೊತೆಗೂ ನಾನು ಹುಡುಗರ ಜೊತೆಗೂ ಬೇರೆ ಬೇರೆ ಕುಳಿತು ಮಾತಾಡಿ, ಕೊನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದೆವು. ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಟ್ಟಿದ್ದೆವು. ‘ನನಗೆ ಇನ್ನೂ ಆಗಿಲ್ಲ, ನನಗೆ ಮಕ್ಕಳಾಗುವುದಿಲ್ಲವೇ?’, ‘ರಾತ್ರಿ ಚಡ್ಡಿ ಒದ್ದೆಯಾಗುತ್ತದೆ, ನನಗೆ ರೋಗವೇ?’, ‘ಮುಟ್ಟಾದಾಗ ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆಯೇ?’, ‘ಅಣ್ಣ ಫೋನಿನಲ್ಲಿ ಕೆಟ್ಟ ವಿಡಿಯೊ ತೋರಿಸುತ್ತಾನೆ, ಯಾರಿಗೆ ಹೇಳಲಿ?’ ಎಂಬ ಚೀಟಿಗಳು ಬಂದವು.

ಉಪ್ಪಿನಕಾಯಿಯ ಪ್ರಶ್ನೆಗೆ ಅಡುಗೆಯವರೇ ಉತ್ತರ ಕೊಟ್ಟರು: ಒದ್ದೆ ಕೈ, ಒದ್ದೆ ಚಮಚ ಹಾಕಿದರೆ ಯಾರು ಹಾಕಿದರೂ ಬೂಷ್ಟು ಬರುತ್ತದೆ, ಮುಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲ ಒಂದೆರಡು ವರ್ಷ ಮುಟ್ಟು ತಿಂಗಳು ತಿಂಗಳಿಗೆ ಸರಿಯಾಗಿ ಬರದಿರಬಹುದು, ಎರಡರಿಂದ ಏಳು ದಿನ ಇರಬಹುದು, ಪ್ಯಾಡ್ ಆಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಬಟ್ಟೆಯನ್ನು ಕತ್ತಲೆಯಲ್ಲಿ ಮುಚ್ಚಿಡದೆ ಬಿಸಿಲಿನಲ್ಲೇ ಒಣಗಿಸಬೇಕು ಎಂದು ಸಿಸ್ಟರ್ ತಿಳಿಸಿದರು. ಹುಡುಗಿಗೆ ಎಂಟು ವರ್ಷಕ್ಕೆ ಮೊದಲು, ಹುಡುಗನಿಗೆ ಒಂಬತ್ತಕ್ಕೆ ಮೊದಲು ಬದಲಾವಣೆ ಕಾಣಿಸಿದರೆ, ಹದಿನೈದು ತುಂಬಿದರೂ ಮುಟ್ಟು ಬಾರದಿದ್ದರೆ, ರಕ್ತಸ್ರಾವ ತೀರ ಹೆಚ್ಚಾಗಿದ್ದರೆ ಅಥವಾ ಶಾಲೆಗೆ ಬರಲಾಗದಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಬೇಕೆಂದು ಪೋಷಕರಿಗೂ ಹೇಳಿದರು. ವಿಡಿಯೊ ಬಗ್ಗೆ ಬರೆದ ಮಗು ಯಾರೆಂದು ಹುಡುಕಿ ಎಲ್ಲರೆದುರು ನಿಲ್ಲಿಸುವ ತಪ್ಪು ಮಾಡದೆ, ಹೀಗೆ ತೋರಿಸುವುದು ತೋರಿಸಿದವರ ಅಪರಾಧ, ಸಿಸ್ಟರ್ ಬಳಿ ಅಥವಾ ನನ್ನ ಬಳಿ ಬಂದು ಹೇಳಬಹುದು, 1098ಕ್ಕೂ ಕರೆ ಮಾಡಬಹುದು ಎಂದು ಎಲ್ಲ ಮಕ್ಕಳಿಗೂ ತಿಳಿಸಿದೆವು. ಎರಡು ದಿನದ ನಂತರ ಆ ಮಗು ತಾನಾಗಿ ಸಿಸ್ಟರ್ ಬಳಿ ಬಂದಿತು. ಮುಂದಿನದನ್ನು ಕಾನೂನಿನ ಪ್ರಕಾರ ನಡೆಸಿದೆವು.

ಇಂತಹ ಪಾಠದಿಂದ ಮಕ್ಕಳು ಕೆಡುತ್ತಾರೆ ಎಂಬ ವಾದಕ್ಕೆ ಉತ್ತರವಾಗಿ, ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ ಮಾರ್ಗದರ್ಶಿ (2018) ಇದರಿಂದ ಮಕ್ಕಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದೇ ಹೇಳಿದೆ. ಆದರೆ ವಿರೋಧಿಸುವವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದೂ ಸರಿಯಲ್ಲ. ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಬದಿಗಿಟ್ಟಾಗ ಎದ್ದ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಅದರ ಚಿತ್ರಗಳ ಬಗ್ಗೆ. ಆ ಸಾಮಗ್ರಿಯನ್ನು ಊರೂರಿನ ತಂದೆತಾಯಿಯರಿಗೆ ಮೊದಲು ತೋರಿಸಿ, ಅವರ ಮಾತು ಕೇಳಿ ತಿದ್ದಿದ್ದರೆ ಇಡೀ ಕಾರ್ಯಕ್ರಮವೇ ಬಿದ್ದುಹೋಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಎರಡನೆಯ ಸಲವೂ ಪೋಷಕರನ್ನು ಹೊರಗಿಟ್ಟು ಸುತ್ತೋಲೆಯ ಮೂಲಕವೇ ಪಾಠ ಇಳಿಸಲು ಹೊರಟರೆ ಅದೇ ಗತಿಯಾದೀತೆಂಬ ಭಯ ನನಗಿದೆ.

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಐದನೆಯ ತರಗತಿಯ ಮಕ್ಕಳ ತಂದೆತಾಯಿಯರಿಗೆ ಈ ಪಾಠವನ್ನು ಮೊದಲು ತೋರಿಸಿ, ಅದೇ ವರ್ಷ ಹುಡುಗ ಹುಡುಗಿಯರಿಬ್ಬರಿಗೂ ಅದನ್ನು ಹೇಳಿಕೊಡಬೇಕು. ಅಂಗವೈಕಲ್ಯವಿರುವ ಮಕ್ಕಳಿಗೆ ಈ ತಿಳಿವಳಿಕೆಯ ಅಗತ್ಯ ಉಳಿದವರಿಗಿಂತ ಹೆಚ್ಚು, ಅವರನ್ನು ಹೊರಗಿಡಬಾರದು. ಕೈಪಿಡಿಯನ್ನು ಇಂಗ್ಲಿಷಿನಿಂದ ತರ್ಜುಮೆ ಮಾಡಿಸದೆ, ನಮ್ಮ ಸಿಸ್ಟರ್‌ಗಳನ್ನೂ ಪ್ರಾಥಮಿಕ ಶಾಲಾ ಶಿಕ್ಷಕಿಯರನ್ನೂ ಕೂರಿಸಿಕೊಂಡು ಕನ್ನಡದಲ್ಲೇ ಬರೆಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳ ಆಪ್ತಸಮಾಲೋಚಕರು ವರ್ಷಕ್ಕೆ ಎರಡು ಸಲವಾದರೂ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಬರುವಂತಾಗಬೇಕು. ಬಾಗಿಲು, ಚಿಲಕ, ನೀರು, ಮುಚ್ಚಳವಿರುವ ಕಸದ ಬುಟ್ಟಿ ಇರುವ ಶೌಚಾಲಯವಿಲ್ಲದ ಶಾಲೆಯಲ್ಲಿ ಮುಟ್ಟಿನ ಶುಚಿತ್ವದ ಪಾಠ ಹೇಳುವ ಮೊದಲು ಆ ಶೌಚಾಲಯವನ್ನು ಕಟ್ಟಬೇಕು.

ಶಿಕ್ಷಕಿಯರೇ ಇಲ್ಲದ ಶಾಲೆಗಳು ಇನ್ನೂ ಇವೆ. ಅಂತಹ ಕಡೆ ಬಿಸಿಯೂಟದ ಅಡುಗೆಯವರಿಗೆ ಎರಡು ದಿನದ ತರಬೇತಿ ಕೊಟ್ಟು, ಅದಕ್ಕೆಂದು ಒಂದಷ್ಟು ಗೌರವಧನ ಸೇರಿಸಿ, ಪ್ಯಾಡ್, ಒಳಉಡುಪು, ಒಂದು ಲಂಗ, ಸೋಪು ಇರುವ ಪೆಟ್ಟಿಗೆಯ ಬೀಗದ ಕೈಯನ್ನು ಅವರ ಬಳಿ ಇಡಬಹುದು. ನಮ್ಮ ಶಾಲೆಯಲ್ಲಿ ಆ ಪೆಟ್ಟಿಗೆ ಹಳೆಯ ಬಿಸ್ಕತ್ತಿನ ಡಬ್ಬಿಯಾಗಿತ್ತು, ಅದನ್ನು ತುಂಬಿಸಿಡುತ್ತಿದ್ದವರು ತಮ್ಮ ಟವೆಲನ್ನು ಆ ಮಗುವಿಗೆ ಸುತ್ತಿದ ಅದೇ ಅಡುಗೆಯವರು. ನಾನು ನಿವೃತ್ತನಾಗುವವರೆಗೂ ಅದಕ್ಕೆ ತಗುಲುತ್ತಿದ್ದ ಖರ್ಚನ್ನು ಅವರು ನನ್ನಿಂದ ಒಮ್ಮೆಯೂ ತೆಗೆದುಕೊಳ್ಳಲಿಲ್ಲ.

– ನಿವೃತ್ತ ಮುಖ್ಯಶಿಕ್ಷಕ, ಚಿತ್ರದುರ್ಗ ಜಿಲ್ಲೆ